ಸಣ್ಣ ಧಣಿಯರ ಐವತ್ತನೆಯ ದಸರೆ

ಹೋದ ಚಳಿಗಾಲದಲ್ಲಿ ತಂಗಿಯ ಮೊಮ್ಮಕ್ಕಳನ್ನು ಕರೆದುಕೊಂಡು ಬಾದಾಮಿಗೆ ಹೋಗಿದ್ದೆ. ಮೆಟ್ಟಿಲು ಹತ್ತಿ ಗುಹೆಯೊಳಗೆ ಕಾಲಿಟ್ಟ ಕೂಡಲೇ ಬಾವಲಿಯ ಹಿಕ್ಕೆ, ತಣ್ಣಗಿನ ಕಲ್ಲು, ಯಾರೋ ಹಚ್ಚಿಟ್ಟು ಹೋದ ಊದಿನಕಡ್ಡಿ, ಈ ಮೂರೂ ಕಲೆತ ವಾಸನೆ ಮೂಗಿಗೆ ಬಂತು. ಮಕ್ಕಳು ಮೂಗು ಹಿಡಿದುಕೊಂಡು ನಗುತ್ತ ಹೊರಗೆ ಓಡಿದವು. ನಾನು ಕಂಬಕ್ಕೆ ಕೈಕೊಟ್ಟು ಅಲ್ಲೇ ನಿಂತುಬಿಟ್ಟೆ. ಏಳು ವರ್ಷದ ಹಿಂದೆ, ಆಷಾಢದಿಂದ ದಸರೆಯವರೆಗೆ, ಇದೇ ವಾಸನೆಯ ಮನೆಯೊಂದರಲ್ಲಿ ನಾನಿದ್ದೆ. ಅಲ್ಲಿದ್ದ ಹೆಚ್ಚಿನ ದಿನಗಳಲ್ಲಿ, ಒಬ್ಬ ಮನುಷ್ಯ ತನ್ನ ತಂದೆಯನ್ನು ಮೆಲ್ಲಗೆ ಕೊಲ್ಲುತ್ತಿದ್ದಾನೆಂದು ನಂಬಿದ್ದೆ.

ನಾನು ನರ್ಸ್. ಬಾಗಲಕೋಟೆಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತಾರು ವರ್ಷ ದುಡಿದೆ. ಕೊನೆಗೆ ಬೇರೆ ಯಾರೋ ಮಾಡಿದ ತಪ್ಪೊಂದು ನನ್ನ ತಲೆಗೆ ಬಂತು. ರೋಗಿಗೆ ಕೊಡಬಾರದ ಗುಳಿಗೆ ಕೊಟ್ಟವಳು ನಾನಲ್ಲ, ಆದರೆ ಅದನ್ನು ತೋರಿಸಲು ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಅಲ್ಲಿಂದ ಬಿಟ್ಟು ಬಂದ ಮೇಲೆ ಮನೆಗಳಿಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಹಿಡಿದೆ. ಚೀಲದಲ್ಲಿ ಯಾವಾಗಲೂ ಒಂದು ಉದ್ದನೆಯ ನೋಟಬುಕ್ಕು ಇರುತ್ತಿತ್ತು. ಯಾವ ಗುಳಿಗೆ, ಎಷ್ಟು ಹೊತ್ತಿಗೆ, ಸ್ಟ್ರಿಪ್ಪಿನಲ್ಲಿ ಇನ್ನೆಷ್ಟು ಉಳಿದವು, ಎಲ್ಲ ಬರೆಯುತ್ತಿದ್ದೆ. ನಂಬುವುದನ್ನು ಬಿಟ್ಟು ಎಣಿಸುವುದನ್ನು ಕಲಿತಿದ್ದೆ.

ಆ ವರ್ಷ ಆಷಾಢದ ಗಾಳಿ ಬೀಸುತ್ತಿದ್ದಾಗ ವಿದ್ಯಾಗಿರಿಯಿಂದ ಪದ್ಮಾಬಾಯಿ ಎಂಬುವರು ಕರೆಸಿದರು. ಅರವತ್ತು ದಾಟಿದ ಹೆಂಗಸು, ಗಂಡ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದರು. ಪದ್ಮಾಬಾಯಿಯವರ ತವರುಮನೆ ಹುನಗುಂದದ ಆಚೆ, ಇಳಕಲ್ಲಿನ ರಸ್ತೆಯಿಂದ ಒಳಗಿರುವ ಒಂದು ಊರಿನ ವಾಡೆ. ಒಂದು ಕಾಲಕ್ಕೆ ಹದಿನಾರು ಹಳ್ಳಿಯ ಸಂಸ್ಥಾನ ಅದು. ಅವರ ತಂದೆಗೆ ತೊಂಬತ್ಮೂರು. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದಿದ್ದರು, ಹೃದಯವೂ ದುರ್ಬಲ. ಅವರನ್ನು ನೋಡಿಕೊಳ್ಳಲು ಒಬ್ಬರು ಬೇಕು ಅಂದರು. ಅಷ್ಟು ಹೇಳಿ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು ಕೂತರು.

"ಅಲ್ಲೆ ನಮ್ಮಣ್ಣ ಅದಾನ. ಕೆಟ್ಟಾಂವ ಅಲ್ಲ ಅಂವ," ಅಂದರು. "ಆದ್ರ ಐವತ್ತು ವರ್ಷ ಗಾದಿ ಕಾದ ಮನಶಾ ಕಡೀಕ ಏನ್ ಮಾಡ್ತಾನ, ಯಾರಿಗೆ ಗೊತ್ತು? ಅಪ್ಪಾಜಿ ಬಾಯಿಗೆ ಹೋಗೂದನ್ನೆಲ್ಲ ನೀವು ನೋಡ್ರಿ. ಅಣ್ಣನ್ನೂ ನೋಡ್ರಿ."

ನಾನು ತಲೆಯಾಡಿಸಿದೆ. ನೋಡುವುದು ನನಗೆ ಬರುತ್ತಿದ್ದ ಕೆಲಸವೇ.

ವಾಡೆಯ ಅಗಸಿ ಬಾಗಿಲು ಆನೆ ಹೋಗುವಷ್ಟು ದೊಡ್ಡದು. ಒಳಗೆ ಅರ್ಧಕ್ಕರ್ಧ ಬಿದ್ದ ಕುದುರೆ ಲಾಯ, ಮಾಳಿಗೆಯ ತೊಲೆಗಳಲ್ಲಿ ಬಾವಲಿ. ನಡುವಿನ ದೊಡ್ಡ ಹಜಾರಕ್ಕೆ ಸದರು ಅನ್ನುತ್ತಿದ್ದರು. ಅದರ ಗೋಡೆಗೆ ಹತ್ತಿದ ಕಟ್ಟೆಯ ಮೇಲೆ ಕೆಂಪು ಮಖಮಲ್ಲಿನ ಗಾದಿ, ಅದರ ಮೇಲೆ ಜರಿಯ ರುಮಾಲು, ಪಕ್ಕದಲ್ಲಿ ಒರೆಯಲ್ಲಿಟ್ಟ ಕತ್ತಿ. ಭೂಮಿ ಎಂದೋ ಗೇಣಿದಾರರಿಗೆ ಹೋಗಿತ್ತು, ಅಧಿಕಾರ ಅದಕ್ಕೂ ಮುಂಚೆ ಹೋಗಿತ್ತು. ಆ ಗಾದಿಗೆ ಉಳಿದಿದ್ದು ಒಂದೇ ಮಾನ. ವಿಜಯದಶಮಿಯ ಸಂಜೆ ಊರವರೆಲ್ಲ ಬಂದು ಮೊದಲ ಬನ್ನಿಯನ್ನು ಅದರ ಮೇಲೆ ಕೂತವರ ಕೈಗೆ ಕೊಡುತ್ತಿದ್ದರು. ದೊಡ್ಡ ಧಣಿ ಹಾಸಿಗೆ ಹಿಡಿದ ಮೇಲೆ ಎರಡು ದಸರೆ ಕಳೆದಿದ್ದವು. ಎರಡೂ ಸಲ ಅವರು ಮಗನನ್ನು ಕೂಡಿಸಲಿಲ್ಲ. ಗಾದಿಯ ಮೇಲೆ ತಮ್ಮ ರುಮಾಲು ಇಡಿಸಿದರು. ಊರವರು ರುಮಾಲಿಗೆ ಬನ್ನಿ ಕೊಟ್ಟು ಕೈಮುಗಿದು ಹೋದರು, ಮಗ ಪಕ್ಕದಲ್ಲಿ ನಿಂತಿದ್ದರು.

ಆ ಮಗನಿಗೆ ಅರವತ್ತೊಂಬತ್ತು. ಊರಿಗೆ ಅವರು ಸಣ್ಣ ಧಣಿ. ಬಿಳಿ ಧೋತರ, ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ, ಎಲ್ಲ ಕೂದಲು ಬೆಳ್ಳಗಾಗಿದ್ದವು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ದಸರೆಯ ದಿನ ತಂದೆ ಅವರ ಹೆಗಲಿಗೆ ಶಾಲು ಹೊದಿಸಿ, ಮುಂದಿನ ಧಣಿ ಇಂವ ಎಂದು ಊರ ಮುಂದೆ ಹೇಳಿದ್ದರಂತೆ. ಆಮೇಲೆ ಧಾರವಾಡದಲ್ಲಿ ಕಾನೂನು ಓದಿದರು. ಅಲ್ಲೇ ವಕೀಲಿ ಮಾಡಬೇಕೆಂದಿದ್ದಾಗ ತಂದೆಯ ಪತ್ರ ಬಂತು. ಗಾದಿಗೆ ಕೂಡಬೇಕಾದವನು ಊರು ಬಿಟ್ಟಿರಬಾರದು. ತಂದೆಗೆ ಗಾದಿ ಬಂದದ್ದು ಹನ್ನೊಂದನೆಯ ವಯಸ್ಸಿಗೆ, ಅವರ ತಂದೆ ಒಮ್ಮೆಲೇ ತೀರಿಕೊಂಡಾಗ. ಕಾಯುವುದೆಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ಮಾಳಿಗೆ ಸೋರಿದರೆ ಸರಿಮಾಡಿಸಲು ತಂದೆಯ ಮಾತು ಬೇಕು, ಪರಊರಿಗೆ ಹೋಗಲು ತಂದೆಯ ಮಾತು ಬೇಕು. ನಾ ಇರೋತನಕ ನಾ, ನಾ ಹೋದ ಮ್ಯಾಲ ನೀ, ಇಷ್ಟೇ ಅವರ ಉತ್ತರ. ಸಣ್ಣ ಧಣಿಯರಿಗೆ ಮಕ್ಕಳಾಗಲಿಲ್ಲ. ಹೆಂಡತಿ ಸುಶೀಲಾಬಾಯಿ ನಾನು ಬರುವುದಕ್ಕೆ ಆರು ವರ್ಷ ಮುಂಚೆ ತೀರಿಕೊಂಡಿದ್ದರು. ಇದನ್ನೆಲ್ಲ ನನಗೆ ಹೇಳಿದವನು ಯಮನಪ್ಪ. ದೊಡ್ಡ ಧಣಿಯರ ಅಡುಗೆ, ಸ್ನಾನ, ಹಾಸಿಗೆ ಎಲ್ಲ ನೋಡುತ್ತಿದ್ದ ಹಳೆಯ ಆಳು. ಊರಿನ ಸುದ್ದಿ ವಾಡೆಗೆ ಬರುವುದೂ, ವಾಡೆಯ ಸುದ್ದಿ ದೊಡ್ಡ ಧಣಿಯರ ಕಿವಿಗೆ ಹೋಗುವುದೂ ಅವನ ಮೂಲಕವೇ.

ಮೊದಲ ದಿನ ದೊಡ್ಡ ಧಣಿ ನನ್ನನ್ನು ಬಹಳ ಹೊತ್ತು ನೋಡಿದರು. ಮೈ ಒಣಗಿ ಕಡ್ಡಿಯಾಗಿತ್ತು, ಕಣ್ಣು ಮಾತ್ರ ಚುರುಕು.

"ನಿನ್ನ ಯಾರು ಕಳಿಸ್ಯಾರ? ಮಗಾನೋ, ಮಗಳೋ?"

ಪದ್ಮಾ ಬಾಯಿಸಾಹೇಬರು ಎಂದೆ. ಹಾಗಾದರೆ ನೀನು ಅವಳ ಕಡೆಯವಳು ಅಂದು ಮುಖ ತಿರುವಿದರು. ಗಂಜಿ ಬಂದಾಗ ಯಮನಪ್ಪನಿಗೆ ಮೊದಲು ಒಂದು ಚಮಚ ಕುಡಿಯಲು ಹೇಳಿದರು. ಅವನು ಕುಡಿದು ಸ್ವಲ್ಪ ಹೊತ್ತು ನಿಂತ ಮೇಲೆ ತಾವು ಬಾಯಿ ತೆರೆದರು. ಆ ಮನೆಯಲ್ಲಿ ಎಲ್ಲರ ಕಣ್ಣೂ ಎಲ್ಲರ ಮೇಲೆ ಇರುತ್ತಿತ್ತು. ನಾನು ಬಂದಿದ್ದರಿಂದ ಇನ್ನೆರಡು ಕಣ್ಣು ಕೂಡಿದವು, ಅಷ್ಟೇ.

ಸಣ್ಣ ಧಣಿ ದಿನಾಲೂ ಮುಂಜಾನೆ ಏಳಕ್ಕೆ ತಂದೆಯ ಕೋಣೆಗೆ ಬರುತ್ತಿದ್ದರು. ಧಾರವಾಡದಿಂದ ತಿರುಗಿ ಬಂದ ಮೇಲೆ ಒಂದು ದಿನವೂ ತಪ್ಪಿಲ್ಲ ಎಂದು ಯಮನಪ್ಪ ಹೇಳಿದ. ಹಾಸಿಗೆಯ ಕಾಲ್ಗಡೆ ನಿಂತು, ಅಪ್ಪಾಜಿ ನಿದ್ದೆ ಆಯಿತೇ ಎಂದು ಕೇಳುವುದು, ದೊಡ್ಡ ಧಣಿ ಹೂಂ ಅನ್ನುವುದು, ಕಾಲು ಗಂಟೆ ನಿಂತು ಹೋಗುವುದು. ಹೊರಗೆ ಹೋಗುವಾಗ ನನ್ನ ಕಡೆ ತಿರುಗಿ ಏನಾದರೊಂದು ಕೇಳುತ್ತಿದ್ದರು. ಬಿಪಿ ಎಷ್ಟಿದೆ, ಡಾಕ್ಟರು ಇನ್ನೂ ಎಷ್ಟು ದಿವಸ ಅಂತಾರೆ. ಎರಡನೆಯ ಪ್ರಶ್ನೆ ನನ್ನ ಕಿವಿಯಲ್ಲಿ ನಿಂತಿತು. ಅವತ್ತೇ ನೋಟಬುಕ್ಕಿನ ಹಿಂದಿನ ಹಾಳೆಯಲ್ಲಿ ಅದನ್ನು ಬರೆದುಕೊಂಡೆ.

ಶ್ರಾವಣದಲ್ಲಿ ಮಳೆ ಹಿಡಿಯಿತು. ಎರೆ ಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಹೆಜ್ಜೆಗೂ ಕಾಲು ಭಾರವಾಗುತ್ತಿತ್ತು. ಅಗಸಿಯ ಹೊರಗೆ ಸಜ್ಜೆ ಎದೆಮಟ ಬಂದಿತ್ತು. ಆ ದಿನಗಳಲ್ಲೇ ಗುಳಿಗೆಯ ಲೆಕ್ಕ ತಪ್ಪಿತು.

ದೊಡ್ಡ ಧಣಿಯರಿಗೆ ದಿನದ ಗುಳಿಗೆಗಳ ಜೊತೆ ಇನ್ನೊಂದು ಬಗೆಯದೂ ಇತ್ತು. ಎದೆ ನೋವು ಬಂದಾಗ ಮಾತ್ರ ನಾಲಿಗೆಯ ಕೆಳಗಿಡುವ ಸಣ್ಣ ಗುಳಿಗೆ. ನಾನು ಬಂದ ಮೇಲೆ ಅವರಿಗೆ ಒಮ್ಮೆಯೂ ಅದು ಬೇಕಾಗಿರಲಿಲ್ಲ. ಆದರೂ ಸ್ಟ್ರಿಪ್ಪಿನಲ್ಲಿ ಹತ್ತು ಇದ್ದದ್ದು ಏಳಾಗಿತ್ತು. ನಾಲ್ಕು ದಿನ ಬಿಟ್ಟು ನೋಡಿದರೆ ಐದು. ಯಮನಪ್ಪನನ್ನು ಕೇಳಿದೆ. ಆ ಡಬ್ಬಿಯನ್ನು ತಾನು ಮುಟ್ಟುವುದಿಲ್ಲ ಎಂದು ಬಸವಣ್ಣನ ಆಣೆ ಹಾಕಿದ. ಕೋಣೆಗೆ ಬರುತ್ತಿದ್ದವರು ಇನ್ನೊಬ್ಬರೇ. ಯಾಕೆ ತೆಗೆಯುತ್ತಾರೆ ಎಂದು ಕೂತು ಯೋಚಿಸಿದೆ. ಒಂದು ದಿನ ಮುದುಕರಿಗೆ ಎದೆ ನೋವು ಬರುತ್ತದೆ, ಡಬ್ಬಿ ತೆರೆದರೆ ಗುಳಿಗೆ ಇರುವುದಿಲ್ಲ, ಡಾಕ್ಟರು ಇಳಕಲ್ಲಿನಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಯಾರೂ ಏನೂ ಮಾಡಿದಂತೆ ಆಗುವುದಿಲ್ಲ.

ಹೊಸ ಸ್ಟ್ರಿಪ್ಪು ತರಿಸಿದೆ. ಅದರಲ್ಲೂ ಕಡಿಮೆಯಾದವು. ಒಂದು ದಿನ ಸಣ್ಣ ಧಣಿ ಸಹಜವಾಗಿ ಕೇಳುವಂತೆ, ನಾಲಿಗೆ ಕೆಳಗಿಡುವ ಗುಳಿಗೆ ಇವೆಯಲ್ಲ, ದಿನಕ್ಕೆ ಎಷ್ಟು ತೆಗೆದುಕೊಂಡರೆ ಮನುಷ್ಯನಿಗೆ ಅಪಾಯ, ಎಂದು ಕೇಳಿದರು. ಯಾಕ್ರಿ ಎಂದೆ. ಸುಮ್ಮನೆ ಎಂದು ಹೋದರು. ಅವತ್ತಿನಿಂದ ದೊಡ್ಡ ಧಣಿಯರ ಗಂಜಿಯನ್ನು ನಾನೇ ನಿಂತು ಮಾಡಿಸತೊಡಗಿದೆ.

ಮತ್ತೊಂದು ಮಧ್ಯಾಹ್ನ ಸದರಿನ ಮುಂದೆ ಹಾಯುವಾಗ ಅವರು ಗಾದಿಯ ಮುಂದೆ ನಿಂತಿದ್ದು ಕಂಡಿತು. ಬಗ್ಗಿ ಎರಡೂ ಅಂಗೈಗಳನ್ನು ಮಖಮಲ್ಲಿನ ಮೇಲೆ ಒತ್ತಿ ಇಟ್ಟಿದ್ದರು. ಕಣ್ಣು ಮುಚ್ಚಿದ್ದವು, ತುಟಿ ಬಿಗಿಯಾಗಿದ್ದವು. ನನ್ನ ಹೆಜ್ಜೆಯ ಸದ್ದಿಗೆ ಬೆಚ್ಚಿ ಕೈ ತೆಗೆದು ಒಳಗೆ ಹೋದರು. ಆ ಗಾದಿಯ ಮೇಲಿನ ಆಸೆ ಎಷ್ಟಿದೆ ಎಂದು ಕಣ್ಣಾರೆ ನೋಡಿದೆ ಅಂದುಕೊಂಡೆ.

ಅವರು ಕೋರ್ಟಿನ ಕೆಲಸಕ್ಕೆ ಹುನಗುಂದಕ್ಕೆ ಹೋದ ದಿನ ನಾನು ಮಾಡಬಾರದ ಕೆಲಸ ಮಾಡಿದೆ. ಮೇಲಿನ ಅವರ ಕೋಣೆಗೆ ಹೋದೆ. ಗುಳಿಗೆ ಸಿಗುತ್ತವೆಯೋ ಎಂದು ಹುಡುಕಿದೆ. ಸಿಗಲಿಲ್ಲ. ಮೇಜಿನ ಮೇಲೆ ಒಂದು ಹಳೆಯ ಫೈಲಿತ್ತು, ಅದರ ಮೇಲೆ 'ಗಾದಿ ಬಂದ ಮೇಲೆ' ಎಂದು ಬರೆದಿತ್ತು. ಆಸ್ತಿಯ ಕಾಗದ ಇರಬೇಕೆಂದು ಬಿಚ್ಚಿದೆ. ಒಳಗಿದ್ದದ್ದು ಒಂದು ಯಾದಿ. ನಾಲ್ಕಾರು ಹಾಳೆ, ಒಂದೊಂದು ಕಡೆ ಒಂದೊಂದು ಬಣ್ಣದ ಶಾಯಿ. ಕೆಳಗಿನ ಕೇರಿಗೆ ವಿದ್ಯುತ್ತು. ಊರಿಗೆ ಒಂದು ಟೆಲಿಫೋನು. ಹೆಣ್ಣುಮಕ್ಕಳ ಸಾಲಿಗೆ ನಾಲ್ಕು ಕೋಣೆ. ಹೊಲಗಳಿಗೆ ನೀರು. ಒಂದೊಂದರ ಮೇಲೂ ಗೆರೆ ಎಳೆದಿತ್ತು. ಯಾಕೆಂದರೆ ವಿದ್ಯುತ್ತು ಬಂದಿತ್ತು, ಟೆಲಿಫೋನು ಬಂದು ಹೋಗಿಯೂ ಆಗಿತ್ತು, ಸಾಲಿಯನ್ನು ಸರಕಾರ ಕಟ್ಟಿತ್ತು, ಮರೋಳದ ಏತ ನೀರಾವರಿಯ ಮಾತು ಬಂದ ಮೇಲೆ ಹೊಲದ ನೀರಿನ ಮೇಲೂ ಗೆರೆ ಬಿದ್ದಿತ್ತು. ನಡುವೆ ಒಂದು ಕಡೆ, 'ಸುಶೀಲಾಗೆ ಸಮುದ್ರ ತೋರಿಸುವುದು.' ಅದರ ಮೇಲೂ ಗೆರೆ. ಲಾಯದ ಜಾಗದಲ್ಲಿ ಹೆರಿಗೆ ದವಾಖಾನೆ ಎಂಬುದೊಂದು ಮಾತ್ರ ಹಾಗೇ ಉಳಿದಿತ್ತು.

ಮನಸ್ಸು ಒಂದು ಕ್ಷಣ ಕರಗಿತು, ಸುಳ್ಳು ಹೇಳುವುದಿಲ್ಲ. ಆದರೆ ಕೊನೆಯ ಹಾಳೆಯ ತುದಿಯಲ್ಲಿ ಹೊಸ ಶಾಯಿಯಲ್ಲಿ ಎರಡೇ ಶಬ್ದ ಇದ್ದವು. 'ಈ ದಸರೆಗೆ.' ತಂದೆ ಬದುಕಿರುವವರೆಗೆ ಗಾದಿ ಕೊಡುವವರಲ್ಲ. ಹಾಗಿದ್ದ ಮೇಲೆ ಈ ದಸರೆಗೆ ಎಂದು ಇವರು ಹೇಗೆ ಬರೆದರು? ಫೈಲು ಮುಚ್ಚಿ ಕೆಳಗಿಳಿದು ಬಂದು ವಿದ್ಯಾಗಿರಿಗೆ ಫೋನು ಮಾಡಿದೆ.

ಪದ್ಮಾಬಾಯಿ ಮರುದಿನ ಮಳೆಯಲ್ಲೇ ಬಂದರು. ಕಾರಿನ ಗಾಲಿಯ ತುಂಬ ಕೆಸರು. ನೇರ ತಂದೆಯ ಕೋಣೆಗೆ ಹೋಗಿ, ಅಣ್ಣನನ್ನು ಕರೆಸಿ, ಅರ್ಧಕ್ಕರ್ಧ ಬರಿದಾದ ಎರಡು ಸ್ಟ್ರಿಪ್ಪುಗಳನ್ನು ಹಾಸಿಗೆಯ ಮೇಲಿಟ್ಟರು. ಇವು ಎಲ್ಲಿ ಹೋದವು ಎಂದು ಕೇಳಿದರು. ನಾನು ಗೋಡೆಗೆ ಹತ್ತಿ ನಿಂತಿದ್ದೆ. ಸಣ್ಣ ಧಣಿ ಸ್ಟ್ರಿಪ್ಪುಗಳನ್ನು ನೋಡಿದರು, ನನ್ನನ್ನೊಮ್ಮೆ ನೋಡಿದರು.

"ನಾ ತಗೊಂಡೇನಿ," ಅಂದರು.

ಯಾಕೆ ಎಂದು ತಂಗಿ ಮೂರು ಸಲ ಕೇಳಿದರು. ಅವರು ಬಾಯಿ ಬಿಡಲಿಲ್ಲ. ದೊಡ್ಡ ಧಣಿ ಅಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡೇ ಇದ್ದರು. ಕೊನೆಗೆ, ಇವತ್ತಿನಿಂದ ಈ ಕೋಣೆಯ ಹೊಸ್ತಿಲು ದಾಟಬೇಡ ಅಂದರು. ಈ ವರ್ಷವೂ ಗಾದಿಯ ಮೇಲೆ ರುಮಾಲೇ ಕೂಡುತ್ತದೆ ಅಂದರು. ಸಣ್ಣ ಧಣಿ ಹೂಂರಿ ಅಪ್ಪಾಜಿ ಎಂದು ಹೇಳಿ ಹೊರಗೆ ಹೋದರು. ಗುಳಿಗೆಗಳನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿ, ಕೀಲಿಕೈಯನ್ನು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನನ್ನ ನೋಟಬುಕ್ಕು ಒಂದು ಜೀವ ಉಳಿಸಿತು ಎಂಬ ಸಮಾಧಾನ ಆ ದಿನ ನನಗಿತ್ತು.

ಮರುದಿನ ಏಳಕ್ಕೆ ಅವರು ಬಂದರು. ಹೊಸ್ತಿಲ ಹೊರಗೆ ನಿಂತು, ಅಪ್ಪಾಜಿ ನಿದ್ದೆ ಆಯಿತೇ ಎಂದು ಕೇಳಿದರು. ಒಳಗಿನಿಂದ ಉತ್ತರ ಬರಲಿಲ್ಲ. ಕಾಲು ಗಂಟೆ ನಿಂತು ಹೋದರು. ಹೀಗೆ ಒಂಬತ್ತು ದಿನ.

ಹತ್ತನೆಯ ದಿನ ಮಳೆ ನಿಂತು ಹೊಳವಾಗಿತ್ತು. ದೊಡ್ಡ ಧಣಿಯರಿಗೆ ಮೈ ಒರೆಸಿ ಮಲಗಿಸಿ, ಹಾಸಿಗೆಯ ಅರಿವೆ ಒಣಹಾಕಲು ಅಂಗಳಕ್ಕೆ ಬಂದಿದ್ದೆ. ಅಗಸಿಯ ಮೇಲಿನ ನಗಾರಖಾನೆಗೆ ಹೋಗುವ ಮೆಟ್ಟಿಲ ಮೇಲೆ ಯಾರೋ ಕೂತಿದ್ದು ಕಂಡಿತು. ಹತ್ತಿರ ಹೋದೆ. ಸಣ್ಣ ಧಣಿ. ಅಂಗಿ ಬೆವರಿನಲ್ಲಿ ತೊಯ್ದಿತ್ತು, ಮುಖ ಬೂದಿಬಣ್ಣಕ್ಕೆ ತಿರುಗಿತ್ತು, ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡಿದ್ದರು. ಇಪ್ಪತ್ತಾರು ವರ್ಷ ಆ ಬಣ್ಣದ ಮುಖಗಳನ್ನು ನೋಡಿದವಳು ನಾನು. ಓಡಿ ಹೋಗಿ ಪೆಟ್ಟಿಗೆ ತೆಗೆದೆ. ಅವಸರದಲ್ಲಿ ಕೀಲಿಕೈ ಎರಡು ಸಲ ಜಾರಿತು. ಗುಳಿಗೆ ತಂದು ಅವರ ಮುಂದೆ ಹಿಡಿದೆ. ಹೇಗೆ ಇಡಬೇಕೆಂದು ಹೇಳುವ ಮೊದಲೇ ಅವರು ಬಾಯಿ ತೆರೆದು, ನಾಲಿಗೆ ಎತ್ತಿ, ಅದರ ಕೆಳಗೆ ಇಟ್ಟುಕೊಂಡರು. ರೂಢಿಯಾದವರ ಹಾಗೆ.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹತ್ತು ದಿನ ಆ ಮನುಷ್ಯನಿಂದ ಆ ಗುಳಿಗೆಯನ್ನು ಕೀಲಿ ಹಾಕಿ ಇಟ್ಟವಳು ನಾನು.

ಸ್ವಲ್ಪ ಹೊತ್ತಿಗೆ ಉಸಿರು ಸರಿಹೋಯಿತು. ಎರಡು ವರ್ಷದಿಂದ ಹೀಗೆ ಆಗುತ್ತಿದೆ ಅಂದರು. ಮೊದಲ ಸಲ ನೋವು ಬಂದದ್ದು ತಂದೆಯ ಕೋಣೆಯಲ್ಲೇ. ಡಬ್ಬಿಯಲ್ಲಿದ್ದ ಗುಳಿಗೆ ನೆನಪಾಗಿ ಬಾಯಿಗೆ ಹಾಕಿಕೊಂಡರಂತೆ, ಇಳಿಯಿತಂತೆ. ಊರಿನ ಔಷಧದ ಅಂಗಡಿಯವನು ಯಮನಪ್ಪನ ಅಳಿಯ, ವಾಡೆಯ ಜೀಪಿನ ಡ್ರೈವರ್ ಸಂಜೆಯ ಹೊತ್ತಿಗೆ ಎಲ್ಲವನ್ನೂ ದೊಡ್ಡ ಧಣಿಯರಿಗೆ ಒಪ್ಪಿಸುವವನು. ಎಲ್ಲಿ ಹೋಗಿ ಏನು ಕೊಂಡರೂ ಮುಚ್ಚಿಡುವಂತಿರಲಿಲ್ಲ. ಸದರಿನಲ್ಲಿ ಗಾದಿಗೆ ಕೈ ಒತ್ತಿ ನಿಂತಿದ್ದರಲ್ಲ, ಆಗಲೂ ನೋವೇ. ಕೈಗೆ ಸಿಕ್ಕಿದ್ದು ಅದು, ಆಸರೆ ಹಿಡಿದಿದ್ದರು.

ಅವತ್ತು ತಂಗಿಯ ಮುಂದೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನನ್ನ ಎದಿ ಸರಿ ಇಲ್ಲಂತ ಗೊತ್ತಾದ್ರ ಗಾದಿ ನನ್ನ ದಾಟಿ ಪದ್ಮಾನ ಮಗಗ ಹೋಗ್ತೈತ್ರಿ. ಕಳ್ಳ ಅಂದ್ರೂ ಅನ್ಲಿ, ಕಳ್ಳಗ ಗಾದಿ ಬರಬಹುದು. ಸಾಯೂ ಮನಶಾಗ ಬರೂದಿಲ್ಲ." ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡು ಮತ್ತೆ ಅಂದರು, "ಒಂದು ದಸರಾ, ನರ್ಸಬಾಯಿ. ಮುಂದಿನ ವರ್ಷದ್ದು ನನಗ ಸಿಗೂದಿಲ್ಲ, ಈ ವರ್ಷ ಒಂದ ಸಂಜಿ ಕುಂತ್ರ ಸಾಕು. ಅಪ್ಪಾಜಿಗಿಂತ ಒಂದು ದಿವಸ ಹೆಚ್ಚು ಬದುಕತೇನೋ ಇಲ್ಲೋ ಅಂತಷ್ಟ ನಿಮ್ಮನ್ನ ದಿನಾ ಕೇಳ್ತಿದ್ದೆ."

ಪದ್ಮಾಬಾಯಿಗೂ ಒಬ್ಬ ಮಗನಿದ್ದಾನೆ ಎಂಬುದು ನನಗೆ ಅವತ್ತೇ ಗೊತ್ತಾದದ್ದು. ವಿದ್ಯಾಗಿರಿಯಲ್ಲಿ ಬಾಗಿಲು ಮುಂದೆ ಮಾಡಿ ನನಗೆ ಆ ಮಾತು ಹೇಳಿದ್ದು ತಂದೆಯ ಮೇಲಿನ ಚಿಂತೆಯಿಂದಲೋ, ಮಗನ ಸಲುವಾಗಿಯೋ? ನನ್ನ ಸಂಶಯ ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಹೋಗಿ ಕೂತಿತು. ಇವತ್ತಿಗೂ ಅದು ಅಲ್ಲಿಂದ ಪೂರ್ತಿ ಎದ್ದಿಲ್ಲ.

ಎರಡು ದಿನ ಬಿಟ್ಟು, ಸೀರೆ ಕೊಳ್ಳುವ ನೆಪ ಹೇಳಿ ನಾನು ಇಳಕಲ್ಲಿಗೆ ಹೊರಟೆ. ಅವರು ಹೊಲ ನೋಡಿ ಬರುತ್ತೇನೆಂದು ಹೇಳಿ ನಡೆದು ಬಂದು ಡಾಂಬರು ರಸ್ತೆಯಲ್ಲಿ ಕೂಡಿಕೊಂಡರು. ಬಸ್ಸು ಹಿಡಿದು ಬಾಗಲಕೋಟೆಗೆ ಹೋದೆವು. ಡಾಕ್ಟರು ಪರೀಕ್ಷೆ ಮಾಡಿ, ಎರಡು ಕಡೆ ರಕ್ತನಾಳ ಕಟ್ಟಿದೆ, ತಡಮಾಡಬೇಡಿ ಅಂದರು. ದಸರೆ ಆದ ಮೇಲೆ ಬರುತ್ತೇನೆ ಎಂದು ಸಣ್ಣ ಧಣಿ ಹೇಳಿದರು. ದಸರೆಗೆ ಇನ್ನೂ ಮೂರು ವಾರವಿತ್ತು. ಡಾಕ್ಟರು ನನ್ನ ಮುಖ ನೋಡಿದರು.

ಒಬ್ಬ ರೋಗಿಯ ಗುಟ್ಟನ್ನು ಇನ್ನೊಬ್ಬ ರೋಗಿಗೆ ಹೇಳಬಾರದು. ನಾನು ಹೇಳಿದೆ. ಮರುದಿನ ಮಧ್ಯಾಹ್ನ ಯಮನಪ್ಪನನ್ನು ಹೊರಗೆ ಕಳಿಸಿ, ದೊಡ್ಡ ಧಣಿಯರ ಪಕ್ಕದಲ್ಲಿ ಕೂತು, ಗುಳಿಗೆಯ ಲೆಕ್ಕದಿಂದ ಹಿಡಿದು ಡಾಕ್ಟರ ಮಾತಿನವರೆಗೆ ಎಲ್ಲ ಹೇಳಿದೆ. ನಾನು ತಿಳಿದದ್ದು ತಪ್ಪಾಗಿತ್ತು ಎಂಬುದನ್ನೂ ಹೇಳಿದೆ. ಅವರು ನಂಬುತ್ತಾರೋ ಇಲ್ಲವೋ, ಇದು ಮಗನ ಹೊಸ ಆಟ ಅನ್ನುತ್ತಾರೋ ಎಂದು ಅವರ ಮುಖವನ್ನೇ ನೋಡುತ್ತಿದ್ದೆ. ಬಹಳ ಹೊತ್ತು ಮಾಳಿಗೆಯ ತೊಲೆ ನೋಡುತ್ತ ಮಲಗಿದ್ದರು. ಆಮೇಲೆ ಮಗನನ್ನು ಕರೆ ಅಂದರು.

ಸಣ್ಣ ಧಣಿ ಬಂದು ಹೊಸ್ತಿಲ ಹೊರಗೆ ನಿಂತರು. ನನ್ನ ಮುಖ ನೋಡಿದ ಕೂಡಲೇ ಅವರಿಗೆ ತಿಳಿಯಿತು.

"ಒಳಗ ಬಾ," ಅಂದರು ದೊಡ್ಡ ಧಣಿ. ಬಂದ ಮೇಲೆ ಕೇಳಿದರು, "ನಿನಗ ಈಗ ಎಷ್ಟು ವಯಸ್ಸು?"

"ಅರವತ್ತೊಂಬತ್ತರಿ, ಅಪ್ಪಾಜಿ."

ದೊಡ್ಡ ಧಣಿ ತಲೆ ಹೊರಳಿಸಿ ಮಗನನ್ನು ನೋಡಿದರು. ಬಿಳಿ ಕೂದಲು, ಕುತ್ತಿಗೆಯ ಸುಕ್ಕು, ಕಟ್ಟಿಗೆಯಂತಹ ಮೊಳಕೈ, ಒಂದೊಂದನ್ನೇ ನಿಧಾನವಾಗಿ ನೋಡಿದರು. ನೀನೂ ಮುದುಕನಾಗಿದ್ದು ನನ್ನ ಲಕ್ಷ್ಯಕ್ಕೇ ಬರಲಿಲ್ಲ ಅಂದರು. ಸ್ವರ ಸಣ್ಣದಾಗಿತ್ತು.

"ಹಾಸಿಗಿ ಹಿಡದಾಗ ನಿನಗ ಕೊಟ್ಟಬಿಡಬೇಕಂತ ಮನಸ್ಸಿತ್ತು. ಕೊಡಲಿಲ್ಲ. ನೀ ದಿನಾ ಏಳಕ್ಕ ಬಂದು ನಿಂದ್ರತಿ. ಗಾದಿ ಸಿಕ್ಕ ಮ್ಯಾಲ ಬರ್ತಿಯೋ ಇಲ್ಲೋ ಅಂತ ನನಗ ಸಂಶೆ."

ಸಣ್ಣ ಧಣಿ ಕೂಡಲೇ ಬರುತ್ತೇನೆ ಅನ್ನಲಿಲ್ಲ. ಮಂಚದ ಕಾಲ್ಗಡೆಯ ಕಟ್ಟಿಗೆ ಹಿಡಿದು ತಲೆ ತಗ್ಗಿಸಿ ನಿಂತರು.

"ಅದು ನನಗೂ ಗೊತ್ತಿಲ್ರಿ, ಅಪ್ಪಾಜಿ," ಅಂದರು.

ಮುದುಕರು ಸಿಟ್ಟಾಗುತ್ತಾರೆಂದು ನಾನು ಹೆದರಿದೆ. ಅವರು ಕಣ್ಣು ಮುಚ್ಚಿ ತುಸು ನಕ್ಕರು. ನಾನು ಅವರ ನಗುವನ್ನು ನೋಡಿದ್ದು ಅದೇ ಮೊದಲು. ಮೊದಲು ದವಾಖಾನೆಗೆ ಹೋಗಿ ಬಾ, ಈ ದಸರೆಗೆ ನೀನೇ ಕೂಡುವವನು, ಊರಿಗೆ ಹೇಳಿ ಕಳಿಸುತ್ತೇನೆ ಅಂದರು.

ಪದ್ಮಾಬಾಯಿ ಬಾಗಲಕೋಟೆಯ ದವಾಖಾನೆಯಲ್ಲಿ ಅಣ್ಣನ ಪಕ್ಕದಿಂದ ಕದಲಲಿಲ್ಲ, ಅತ್ತರು ಕೂಡ. ಆ ಅಳು ಖರೆಯೇ ಇರಬೇಕು. ರಕ್ತನಾಳದ ತಡೆ ಬಿಡಿಸಿ, ವಿಶ್ರಾಂತಿ ಹೇಳಿ, ಡಾಕ್ಟರು ಮನೆಗೆ ಕಳಿಸಿದರು. ಹಬ್ಬಕ್ಕೆ ಐದು ದಿನ ಮುಂಚೆ ಸಣ್ಣ ಧಣಿ ವಾಡೆಗೆ ಬಂದರು. ಅವರ ಹೆಸರಿನ ಚೀಟಿಯಿರುವ ಗುಳಿಗೆಗಳು ಮೊದಲ ಸಲ ಆ ಮನೆಗೆ ಬಂದವು. ನನ್ನ ನೋಟಬುಕ್ಕಿನಲ್ಲಿ ಒಂದು ಹೊಸ ಹಾಳೆ ತೆರೆದೆ.

ವಿಜಯದಶಮಿಯ ಸಂಜೆ ತಂದೆ ಹಾಸಿಗೆಯಲ್ಲೇ ಒರಗಿ ಕೂತು ರುಮಾಲನ್ನು ಮಗನ ತಲೆಗೆ ಇಟ್ಟರು. ಕೈ ಮೇಲೇಳಲಿಲ್ಲ, ನಾನು ಮೊಳಕೈಗೆ ಆಸರೆ ಕೊಟ್ಟೆ. ಸದರಿನ ತುಂಬ ಊರವರು. ಸಣ್ಣ ಧಣಿ ಗಾದಿಯ ಮೇಲೆ ಕೂತರು, ಹೇಗೆ ಕೂಡಬೇಕೆಂದು ತಿಳಿಯದವರ ಹಾಗೆ ಸ್ವಲ್ಪ ಆ ಕಡೆ ಈ ಕಡೆ ಸರಿದರು. ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎನ್ನುತ್ತ ಜನ ಬಂದರು. ಮೊದಲು ಬಂದವನು ಅವರಿಗಿಂತ ಹಿರಿಯ, ಕೋಲೂರಿಕೊಂಡು ಬಂದಿದ್ದ. ಅವನು ಬಗ್ಗುವ ಮೊದಲೇ ಸಣ್ಣ ಧಣಿ ಎದ್ದು ನಿಂತರು. ಮುಂದಿನವರಿಗೂ ಎದ್ದರು. ಕೊನೆಗೆ ನಾನೇ ಹೋಗಿ, ಎದೆಗೆ ಶ್ರಮ ಆಗುತ್ತದೆ, ಕೂತೇ ತೆಗೆದುಕೊಳ್ಳಿ ಎಂದು ಕಿವಿಯಲ್ಲಿ ಹೇಳಿಬಂದೆ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಐವತ್ತು ವರ್ಷ ಕಾದದ್ದು ಆ ಅರ್ಧ ಗಂಟೆಗಾಗಿ. ತೊಡೆಯ ತುಂಬ ಬನ್ನಿ ಎಲೆ ಇಟ್ಟುಕೊಂಡು ಅವರು ಇನ್ನೂ ಯಾರಾದರೂ ಬರುವರೇ ಎಂದು ಬಾಗಿಲು ನೋಡುತ್ತಿದ್ದರು.

ದೀಪಾವಳಿಗೆ ಮುಂಚೆ ನಾನು ಅಲ್ಲಿಂದ ಬಂದೆ. ದೊಡ್ಡ ಧಣಿ ಮುಂದಿನ ಬೇಸಿಗೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ಸಣ್ಣ ಧಣಿ ಇನ್ನೂ ಇದ್ದಾರೆ, ಹೋದ ವರ್ಷ ಮಾತಾಡಿದಾಗ ಮಾಳಿಗೆ ರಿಪೇರಿ ನಡೆದಿದೆ ಅಂದರು. ಅದೆಲ್ಲ ಆಮೇಲಿನ ಮಾತು. ವಿಜಯದಶಮಿಯ ಮರುದಿನ ಮುಂಜಾನೆ ದೊಡ್ಡ ಧಣಿ ಐದಕ್ಕೇ ಎಚ್ಚರವಾಗಿದ್ದರು. ಮುಖ ತೊಳೆಸು ಅಂದರು, ದಿಂಬು ಎತ್ತರ ಮಾಡು ಅಂದರು. ಏಳಾಯಿತು. ಬಾಗಿಲಲ್ಲಿ ಯಾರೂ ಇಲ್ಲ. ಎಷ್ಟಾಯಿತು ಎಂದು ಕೇಳಿದರು, ಹೇಳಿದೆ. ಹತ್ತು ನಿಮಿಷಕ್ಕೆ ಮತ್ತೆ ಕೇಳಿದರು. ಯಮನಪ್ಪ ಛಾ ತಂದ, ಮುಚ್ಚಿಡು ಅಂದರು. ಏಳೂವರೆಗೆ ನನ್ನ ಕಡೆ ನೋಡಿ, ನೋಡಿದೆಯಾ ಅಂದರು. ಬರಲಾರರೇನೋ ಎಂದು ನನಗೂ ಅನ್ನಿಸಿತ್ತು. ಒಡನೆಯೇ ಇನ್ನೊಂದು ಭಯ ಹೊಕ್ಕಿತು. ಮೆಟ್ಟಿಲು ಹತ್ತಿ ಓಡಿದೆ, ಬಾಗಿಲು ದೂಡಿದೆ.

ಸಣ್ಣ ಧಣಿ ಅಂಗಾತ ಮಲಗಿದ್ದರು. ಬಾಯಿ ತುಸು ತೆರೆದಿತ್ತು, ಎದೆ ಏರುತ್ತ ಇಳಿಯುತ್ತ ಇತ್ತು. ನಾಡಿ ಹಿಡಿದು ನೋಡಿದೆ, ನಿಧಾನವಾಗಿ ಸರಿಯಾಗಿ ಬಡಿಯುತ್ತಿತ್ತು. ನನ್ನ ಕೈ ತಾಗಿದರೂ ಅವರಿಗೆ ಎಚ್ಚರವಾಗಲಿಲ್ಲ. ಬಾಗಿಲು ಮುಂದೆ ಮಾಡಿ ಕೆಳಗೆ ಬಂದು, ಮಲಗ್ಯಾರ್ರಿ ಎಂದೆ.

"ಎಬ್ಬಿಸಿದಿಯೇನು?"

ಇಲ್ಲ ಎಂದೆ. ಮುದುಕರು ಒಮ್ಮೆ ಮೇಲಿನ ಮಾಳಿಗೆಯ ಕಡೆ ನೋಡಿದರು. ಎಬ್ಬಿಸಬೇಡ ಅಂದರು. ಬಾಗಿಲ ಕಡೆಗೇ ಮುಖ ಮಾಡಿ ಮಲಗಿದರು.

ಎಂಟೂವರೆಯ ಹೊತ್ತಿಗೆ ಹೆಜ್ಜೆಯ ಸದ್ದು ಕೇಳಿತು. ಸಣ್ಣ ಧಣಿ ತಲೆ ಬಾಚದೆ, ವಿಭೂತಿ ಹಚ್ಚದೆ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಒಳಗೆ ಬಂದರು.

"ನಿದ್ದಿ ಹತ್ತಿತ್ರಿ, ಅಪ್ಪಾಜಿ."

ದೊಡ್ಡ ಧಣಿ ಮಗನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಯಮನಪ್ಪಗ ಹೇಳವ್ವಾ, ಛಾ ಬಿಸಿ ಮಾಡ್ಲಿ. ಇಬ್ಬರಿಗೂ."